ಹಿಂದಿನವರ ಮಾತು

"ನಮಸ್ಕಾರ್ರಿ ಎಲ್ಲಾರಿಗೂ. ಬೆಳಗಿನ ಕಟ್ಟಿಗೆ ಬರ್ರಿ, ಕುಂದರ್ರಿ. ಚಾ ಆತೇನ್ರಿ?"

ಇಷ್ಟು ಹೇಳಿ 'ಬೆಳಗಿನ ಕಟ್ಟೆ' ಕಾರ್ಯಕ್ರಮ ನಡೆಸುವ ಸಹನಾ ಕೊಣ್ಣೂರ ಮೈಕಿನಿಂದ ಹಿಂದೆ ಸರಿದಳು. ಗಾಜಿನ ಗೋಡೆಯ ಮೇಲಿನ ಕೆಂಪು ದೀಪ ಆರಿ ಹಸಿರು ದೀಪ ಹತ್ತಿತು. ಆಕೆ ಚಹಾದ ಕಪ್ಪನ್ನು ಕೈಗೆತ್ತಿಕೊಂಡು ಕುರ್ಚಿಗೆ ಒರಗಿದಳು. ಇನ್ನೊಂದು ತಾಸು ಹುಬ್ಬಳ್ಳಿಯ ಆ ಬಾನುಲಿ ಕೇಂದ್ರದಲ್ಲಿ ಆಕೆಗೆ ಮಾಡುವ ಕೆಲಸವೇನೂ ಇರಲಿಲ್ಲ.

ಕೆಲಸವಿರಲಿಲ್ಲ ಅಂದರೆ ಮಾತಾಡುತ್ತಿರಲಿಲ್ಲ ಅಂತಲ್ಲ. ಅದೇ ಗಳಿಗೆಯಲ್ಲಿ ಸಹನಾ ನವಲಗುಂದದ ಅಡುಗೆಮನೆಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸಿನ ಜೊತೆ ಮಾತಾಡುತ್ತಿದ್ದಳು. ಗದಗಿನಲ್ಲಿ ಚಾರ್ಜಿಗೆ ಹಚ್ಚಿದ ಬಸ್ಸಿನೊಳಗೆ ಕಾಲು ಚಾಚಿ ಕೂತ ಡ್ರೈವರನ ಜೊತೆ ಮಾತಾಡುತ್ತಿದ್ದಳು. ರಾಣೆಬೆನ್ನೂರಿನಲ್ಲಿ ಹಾಸಿಗೆ ಹಿಡಿದ ಹಳೆಯ ಪೋಸ್ಟ್‌ಮಾಸ್ತರರೊಬ್ಬರ ಜೊತೆಗೂ, ಇನ್ನೂ ಸಾವಿರಾರು ಮಂದಿಯ ಜೊತೆಗೂ ಏಕಕಾಲಕ್ಕೆ ಮಾತಾಡುತ್ತಿದ್ದಳು. ಆದರೆ ಪ್ರತಿಯೊಬ್ಬರಿಗೂ ತಾವೊಬ್ಬರೇ ಆಕೆಯ ಎದುರು ಕೂತ ಹಾಗೆ ಅನಿಸುತ್ತಿತ್ತು. ರೊಟ್ಟಿ ಬಡಿಯುವವಳ ಜೊತೆ ನಕ್ಕಳು, ಡ್ರೈವರನ ಮೇಲೆ ಸ್ವಲ್ಪ ರೇಗಿದಳು, ಪೋಸ್ಟ್‌ಮಾಸ್ತರರ ಕೆಮ್ಮು ನಿಲ್ಲುವ ತನಕ ತಾಳಿಕೊಂಡಳು. ನಕ್ಕದ್ದೂ ರೇಗಿದ್ದೂ ಆಕೆಯದೇ ದನಿ, ಆಕೆ ಮಾತ್ರ ಇಲ್ಲಿ ಚಹಾ ಕುಡಿಯುತ್ತಿದ್ದಳು.

ಇದಕ್ಕೆ ಕವಲುದನಿ ಎಂದು ಹೆಸರು. ಡಾ. ಚಿನ್ಮಯ ದೇಸಾಯಿ ಎಂಬ ವಿಜ್ಞಾನಿ ಕಂಡುಹಿಡಿದದ್ದು. ಒಂದೇ ಬೊಡ್ಡೆಯಿಂದ ಕೊಂಬೆಗಳು ಒಡೆದ ಹಾಗೆ ಒಬ್ಬರ ದನಿಯಿಂದ ಎಷ್ಟು ಬೇಕೋ ಅಷ್ಟು ದನಿಗಳು. ಬರೀ ದನಿಯನ್ನು ನಕಲು ಮಾಡುವ ಯಂತ್ರಗಳೇನೋ ನಮ್ಮ ಅಜ್ಜಂದಿರ ಕಾಲದಲ್ಲೇ ಬಂದಿದ್ದವು. ಚಿನ್ಮಯ ಮಾಡಿದ್ದು ಅದಕ್ಕಿಂತ ಒಂದು ಕೈ ಮೇಲು. ಸಹನಾಳ ಇಷ್ಟು ವರ್ಷಗಳ ಕಾರ್ಯಕ್ರಮಗಳನ್ನೆಲ್ಲ ಯಂತ್ರಕ್ಕೆ ಕೇಳಿಸಿ, ಆಕೆ ಯಾವ ಮಾತಿಗೆ ಏನು ಪ್ರಶ್ನೆ ಹಾಕುತ್ತಾಳೆ, ಎಲ್ಲಿ ಸುಮ್ಮನಾಗುತ್ತಾಳೆ, ಯಾರಿಗೆ "ಅಲ್ರೀ ಯಜಮಾನ್ರ" ಅನ್ನುತ್ತಾಳೆ, ಯಾರಿಗೆ "ಏ ತಮ್ಮಾ" ಅನ್ನುತ್ತಾಳೆ ಎಂಬ ರೀತಿಯನ್ನೇ ಅದಕ್ಕೆ ಕಲಿಸಿದ್ದ. ಕರೆ ಮಾಡಿದವರಿಗೆಲ್ಲ ಒಬ್ಬೊಬ್ಬ ಸಹನಾ ಸಿಗುತ್ತಿದ್ದಳು. ಅದಕ್ಕೆ ಮೊದಲು ಕಾರ್ಯಕ್ರಮಕ್ಕೆ ಲೈನು ಸಿಕ್ಕವರಿಗಿಂತ ಸಿಗದೆ ಬೈದುಕೊಂಡವರೇ ಹೆಚ್ಚಾಗಿದ್ದರು. ಈಗ ಯಾರಿಗೂ ಬಾಯಿ ಬಡಿದುಕೊಳ್ಳುವ ಕಾರಣ ಉಳಿದಿರಲಿಲ್ಲ.

ಆದರೆ ಬೆಳಗಿನ ಕಟ್ಟೆಗೆ ಹೆಸರು ಬಂದದ್ದು ಸಹನಾಳ ದನಿಯಿಂದಲ್ಲ, ಒಂದು ಕಟ್ಟಳೆಯಿಂದ. ಬಹಳ ಹಿಂದೆ, ಲೋಕಸಭೆಯ ಮುಂದಿದ್ದ ಯಾವುದೋ ಮಸೂದೆಯ ಚರ್ಚೆಯಲ್ಲಿ, ಇಬ್ಬರು ಕೇಳುಗರು ಒಬ್ಬರ ತಾಯಿಯ ಹೆಸರನ್ನು ಇನ್ನೊಬ್ಬರು ಎಳೆದು ತಂದು ಬೈದಾಡಿದ್ದರು. ಇಡೀ ಜಿಲ್ಲೆಯೇ ಅದನ್ನು ಕೇಳಿತ್ತು. ಮರುದಿನ ಸಹನಾ ಮೈಕಿನ ಮುಂದೆ ಕೂತವಳೇ ಹೇಳಿಬಿಟ್ಟಳು: ಇನ್ನು ಮುಂದೆ ಯಾರೂ ಬಂದವರೇ ತಮ್ಮ ಮಾತು ಶುರು ಮಾಡುವಂತಿಲ್ಲ. ಮೊದಲು ಹಿಂದಿನವರು ಏನಂದರು ಎಂಬುದನ್ನು ತಮ್ಮ ಬಾಯಿಂದಲೇ ಹೇಳಬೇಕು. ಲೈನಿನಲ್ಲಿ ಕಾದಿರುವ ಆ ಹಿಂದಿನವರು "ಹೌದ್ರಿ, ನಾ ಅಂದದ್ದು ಇದನ್ನ" ಅನ್ನಬೇಕು. ಆಮೇಲೆ ಬೇಕಾದರೆ ಜಗಳ ಮಾಡಲಿ.

ಮೊದಮೊದಲು ಜನ ನಕ್ಕರು. ಇದೇನು ಕನ್ನಡ ಸಾಲಿಯ ಪಾಠ ಒಪ್ಪಿಸುವುದೋ ಅಂದರು. ಆಮೇಲೆ ಅದೇ ರೂಢಿಯಾಯಿತು. ಎದುರಿನವನ ಮಾತನ್ನು ಒಮ್ಮೆ ತನ್ನ ನಾಲಿಗೆಯ ಮೇಲೆ ಹೊರಳಿಸಿದವನಿಗೆ ಅವನನ್ನು ಬೈಯುವುದು ಕಷ್ಟವಾಗುತ್ತಿತ್ತು. ಇದಕ್ಕೆ ಜನರೇ ಕೊಂಡಿ ಎಂದು ಹೆಸರಿಟ್ಟರು. ಅಣ್ಣತಮ್ಮಂದಿರು ಆಸ್ತಿ ಪಾಲಿಗೆ ಕೂತಾಗಲೂ, ಗಂಡ ಹೆಂಡಿರು ಮುನಿಸಿಕೊಂಡಾಗಲೂ ಹಿರಿಯರು "ಮೊದಲ ಕೊಂಡಿ ಹಾಕ್ರಿ" ಎನ್ನತೊಡಗಿದರು. ಸಹನಾಳಿಗೆ ತಾನು ಬದುಕಿನಲ್ಲಿ ಮಾಡಿದ ಒಳ್ಳೆಯ ಕೆಲಸ ಇದೊಂದೇ ಅನಿಸುತ್ತಿತ್ತು.

ಆಗ ಗಾಜಿನ ಆಚೆ ಕೂತು ದನಿಯ ಏರಿಳಿತ ನೋಡಿಕೊಳ್ಳುತ್ತಿದ್ದ ಹುಡುಗನೇ ಈ ಚಿನ್ಮಯ. ಆರು ವರ್ಷ ಅಲ್ಲೇ ಇದ್ದ. ಸಹನಾಳ ಡಬ್ಬಿಯೊಳಗಿನ ರೊಟ್ಟಿ, ಶೇಂಗಾ ಹಿಂಡಿ ಅರ್ಧ ಅವನ ಹೊಟ್ಟೆಗೇ ಹೋಗುತ್ತಿತ್ತು. "ಅಕ್ಕಾ" ಎಂದೇ ಕರೆಯುತ್ತಿದ್ದ. ಮುಂದೆ ಓದಿ, ದೊಡ್ಡವನಾಗಿ, ಕವಲುದನಿಯನ್ನು ಹೊತ್ತು ಮೊದಲು ಬಂದದ್ದೂ ಆಕೆಯ ಬಳಿಗೇ. ಸಹನಾ ಕೇಳಿದ್ದು ಒಂದೇ ಮಾತು.

"ಎಲ್ಲಾರಿಗೂ ನಾನ ಮೊದಲ ಸಿಕ್ಕರ ಹಿಂದಿನವರು ಯಾರೋ? ಕೊಂಡಿ ಹೆಂಗ?"

"ಇರತದ ಅಕ್ಕಾ. ಒಂದು ಕವಲಿನ ಮಾತು ಇನ್ನೊಂದು ಕವಲಿಗೆ ಯಂತ್ರನ ದಾಟಸತದ. ಹಿಂದಿನವರ ಮಾತು ಹೇಳದ ಯಾರೂ ಮುಂದ ಹೋಗಂಗಿಲ್ಲ."

ಸಹನಾ ಕರಾರಿಗೆ ಸಹಿ ಹಾಕಿದಳು. ಕೆಲವೇ ವರ್ಷಗಳಲ್ಲಿ ಕವಲುದನಿ ದೇಶದ ಎಲ್ಲ ಭಾಷೆಗಳ ಬಾನುಲಿಗಳಲ್ಲೂ ಬಂತು, ಕೊಂಡಿಯ ಕಟ್ಟಳೆಯೂ ಅದರ ಜೊತೆಗೇ ಹೋಯಿತು. ಸಂಸತ್ತಿನ ಸಮಿತಿಯೇ ಇದನ್ನು ಮೆಚ್ಚಿ, ಇನ್ನು ಮುಂದೆ ಮಸೂದೆಗಳ ಮೇಲಿನ ಜನಾಭಿಪ್ರಾಯವನ್ನು ಇಂಥ ಕಾರ್ಯಕ್ರಮಗಳಿಂದಲೇ ತೆಗೆದುಕೊಳ್ಳುತ್ತೇವೆ ಎಂದು ಸಾರಿತು.

ಆ ವರ್ಷ ಎಲ್ಲರ ಬಾಯಲ್ಲೂ ಇದ್ದದ್ದು ಸಂತೆ ಮಸೂದೆ. ಅದರ ಪೂರ್ತಿ ಹೆಸರು ಉದ್ದಕ್ಕಿತ್ತು, ಹುರುಳು ಇಷ್ಟು: ಬಯಲಿನಲ್ಲಿ ನಡೆಯುವ ವಾರದ ಸಂತೆಗಳು ನಿಲ್ಲಬೇಕು, ತಾಲೂಕಿಗೊಂದು ಸೂರು ಇರುವ ಮಾರುಕಟ್ಟೆ ಕಟ್ಟಬೇಕು, ಪರವಾನಗಿ ಇದ್ದವರು ಮಾತ್ರ ಅಲ್ಲಿ ಕೂತು ಮಾರಬೇಕು. ನೆರಳು, ನೀರು, ಶೌಚಾಲಯ ಎಲ್ಲ ಇರುತ್ತದೆ ಎಂದು ಒಂದು ಕಡೆಯವರು. ಊರೂರಿನ ಸಂತೆಯೇ ಹೋದ ಮೇಲೆ ನೆರಳು ಯಾರಿಗೆ ಎಂದು ಇನ್ನೊಂದು ಕಡೆಯವರು. ಎರಡರಲ್ಲೂ ಸತ್ಯವಿತ್ತು. ಅದಕ್ಕೇ ಕಟ್ಟೆಗೆ ಇದಕ್ಕಿಂತ ಒಳ್ಳೆಯ ವಿಷಯವಿಲ್ಲ ಎಂದು ಸಹನಾ ಹಿಗ್ಗಿದ್ದಳು.

ಆ ಬೆಳಿಗ್ಗೆ ಕಾರ್ಯಕ್ರಮ ಮುಗಿಸಿ ಹೊರಬಂದಾಗ ಕೇಂದ್ರದ ಮೆಟ್ಟಿಲ ಮೇಲೆ ಮಾಬುಬಿ ಕೂತಿದ್ದಳು.

ಮಾಬುಬಿ ಸವಣೂರಿನ ಕಡೆಯ ಬಳೆಗಾರ್ತಿ. ಕಟ್ಟೆ ಶುರುವಾದಾಗಿನಿಂದ ಕರೆ ಮಾಡುತ್ತಿದ್ದವಳು. ಆಕೆಯ ಕಿಲಕಿಲ ನಗು ಕೇಳಿಸಿದರೆ ಸಾಕು, "ಬಂದಳು ನೋಡು ಬಳಿಗಾರ ಮಾಬುಬಿ" ಎಂದು ಜನ ದನಿ ಏರಿಸುತ್ತಿದ್ದರು. ಹುಬ್ಬಳ್ಳಿಗೆ ಬಂದಾಗಲೆಲ್ಲ ಸಹನಾಳ ಕೈ ಹಿಡಿದು ಒಂದು ಡಜನ್ ಬಳೆ ತೊಡಿಸದೆ ಹೋದವಳಲ್ಲ. ಇವತ್ತು ಬಳೆಯ ಗಂಟನ್ನು ಬಿಚ್ಚಲೂ ಇಲ್ಲ, ಎದ್ದು ನಿಲ್ಲಲೂ ಇಲ್ಲ.

"ಒಳಗ ಬರ್ರಿ ಮಾಬುಬಿ, ಚಾ ಕುಡಿಯೂಣು."

"ಚಾ ಒಲ್ಲೆ. ಒಂದು ಮಾತು ಕೇಳಾಕ ಬಂದೀನಿ, ಕೇಳಿ ಹೋಗತೀನಿ. ನಾ ನಿಮಗೇನು ಮಾಡಿದ್ನಿ ಅಕ್ಕಾರ?"

"ಯಾಕ್ರಿ, ಏನಾತು?"

"ಕಲ್ಲಹಾಳದ ಸಂತ್ಯಾಗ ಬೇವಿನ ಗಿಡದ ಕೆಳಗ ನಮ್ಮತ್ತಿ ಕುಂದರತಿದ್ಲು, ಆಕಿ ಹೋದಮ್ಯಾಲ ನಾ ಕುಂದರತೀನಿ. ಹೋದ ವಾರ ಹೋಗೂದ್ರಾಗ ಅಲ್ಲಿ ಪ್ಲಾಸ್ಟಿಕ್ ಬಕೀಟಿನವ ಕುಂತಿದ್ದ. ಯಾರೂ ನನ್ನ ಮಾರಿ ನೋಡವಲ್ರು. ಕುಂಬಾರ ಈರಪ್ಪ, ನನ್ನ ಕೈಯಾಗ ಬೆಳದ ಹುಡುಗ, ಉಗುಳಿ ಆ ಕಡೆ ತಿರುಗಿದ. 'ಏನೋ?' ಅಂದ್ರ, 'ನೀನ ಹೇಳೀಯಲ್ಲ ಬೇ, ಸಂತಿ ಹೋದ್ರ ಹೋಗಲಿ, ನೆರಳು ಸಿಗತೈತಿ ಅಂತ,' ಅಂದ. ನಾ ಯಾವಾಗ ಅಂದ್ನೋ ಅಂದ್ರ ಸಂತಿಗೆ ಸಂತೀನ ತಿರುಗಿ ನಿಂತಿತು. ಎಲ್ಲಾರೂ ನಿಮ್ಮ ಕಟ್ಟಿಯೊಳಗ ಕೇಳ್ಯಾರಂತ. ನನ್ನ ದನಿಲೆ ಕೇಳ್ಯಾರಂತ. ಹೌದ್ರಿ, ನಾ ಅಂದದ್ದು ಇದನ್ನ, ಅಂತನೂ ಅಂದೀನಂತ!"

ಸಹನಾಳಿಗೆ ನಗು ಬಂತು. ಜನ ಏನೋ ತಪ್ಪು ತಿಳಿದಿದ್ದಾರೆ ಎಂದುಕೊಂಡಳು. "ಮಾಬುಬಿ, ಕೊಂಡಿಯೊಳಗ ಒಬ್ಬರ ಮಾತು ಇನ್ನೊಬ್ಬರು ಹೇಳೂ ಮುಂದ ಸ್ವಲ್ಪ ಹೆಚ್ಚು ಕಮ್ಮಿ ಆಗಿರತೈತಿ..."

"ಅಕ್ಕಾರ." ಮಾಬುಬಿ ಆಕೆಯ ಮಣಿಕಟ್ಟನ್ನು ಹಿಡಿದುಕೊಂಡಳು. ಬಳೆ ತೊಡಿಸುವಾಗ ಹಿಡಿಯುವ ಹಾಗೆಯೇ, ಆದರೆ ಬಿಗಿಯಾಗಿ. "ಬಳಿ ಒಡದ್ರ ನಾ ಇನ್ನೊಂದು ಕೊಟ್ಟೇನು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ. ನಾ ಆಡದ ಮಾತಿಗೆ ನನ್ನ ಜಾಗಾ ಹೋತು. ಇಷ್ಟು ವರ್ಷ ನಿಮ್ಮನ್ನ ನಂಬೀನಿ. ನನ್ನ ಬಾಯಾಗ ಬ್ಯಾರೇದವರ ಮಾತು ಯಾಕ ಹಾಕಿದ್ರಿ, ಅಷ್ಟು ಹೇಳ್ರಿ."

ಸಹನಾಳ ನಗು ಅಲ್ಲೇ ಸತ್ತಿತು.

ಮುಂದಿನ ಸಂತೆಯ ದಿನ ಆಕೆ ಮನೆಯಿಂದಲೇ ಕಟ್ಟೆಯ ಮೊದಲ ಮಾತನ್ನು ಧ್ವನಿಮುದ್ರಿಸಿ ಕಳಿಸಿ, ನಸುಕಿನಲ್ಲೇ ಕಲ್ಲಹಾಳಕ್ಕೆ ಹೋದಳು. ಮಾಬುಬಿ ಸಂತೆಯ ತುದಿಯಲ್ಲಿ, ಕಸದ ತೊಟ್ಟಿಯ ಪಕ್ಕ ಗಂಟು ಬಿಚ್ಚಿದ್ದಳು. ನಾಲ್ಕು ಹೆಜ್ಜೆ ಆಚೆ ಈರಪ್ಪ ಗಡಿಗೆಗಳನ್ನು ಒಂದರ ಮೇಲೊಂದು ಒಟ್ಟುತ್ತಿದ್ದ. ಬಾಯಿತುಂಬ ಎಲೆ ಅಡಿಕೆ. ಇವರತ್ತ ಒಮ್ಮೆ ನೋಡಿ ಮುಖ ತಿರುಗಿಸಿದ.

"ನೀವು ಈಗ ಕಟ್ಟಿಗೆ ಫೋನ್ ಹಚ್ಚರಿ. ನಾ ಕೇಳಬೇಕು," ಅಂದಳು ಸಹನಾ.

ಆ ಕಾಲಕ್ಕೆ ಫೋನೆಂದರೆ ಕಿವಿಯೊಳಗೆ ಕೂರುವ ಕಿವಿಮಣಿ, ಕಡಲೆಕಾಳಿನಷ್ಟು. ಮಾಬುಬಿ ಕಟ್ಟೆಗೆ ಹಚ್ಚಿ, ಅದನ್ನು ಕಿವಿಯಿಂದ ತೆಗೆದು ಬಳೆ ಇಡುವ ಹಿತ್ತಾಳೆ ತಟ್ಟೆಯ ಮೇಲಿಟ್ಟಳು. ತಟ್ಟೆ ದನಿಯನ್ನು ದೊಡ್ಡದು ಮಾಡಿತು.

"ಮಾಬುಬಿ, ಬಂದ್ರೇನವಾ! ಚಾ ಆತೇನು? ಮಣಕಾಲು ನೋವು ಹೆಂಗೈತಿ?"

ಸಹನಾ ತನ್ನ ದನಿಯನ್ನು ಹೀಗೆ ಎದುರು ನಿಂತು ಕೇಳಿದ್ದು ಅದೇ ಮೊದಲು. ಎಷ್ಟು ಅಕ್ಕರೆಯ ದನಿ! ಮಾಬುಬಿಗೆ ಮೊಣಕಾಲು ನೋವಿದೆ ಎಂಬುದು ಸಹನಾಳಿಗೆ ಗೊತ್ತೇ ಇರಲಿಲ್ಲ. ಆಕೆಗೆ ನಾಚಿಕೆಯಾಯಿತು.

"ಸಂತಿ ಮಸೂದೆ ಬಗ್ಗೆ ಮಾತಾಡೂಣು. ಮೊದಲ ಕೊಂಡಿ. ಹಿಂದಿನವರು ನಿಮಗ ಗೊತ್ತಿದ್ದವರ ಅದಾರ, ಕುಂಬಾರ ಈರಪ್ಪ. ಕೇಳ್ರಿ ಅವರ ಮಾತು."

ತಟ್ಟೆಯಿಂದ ಈರಪ್ಪನ ಒರಟು ದನಿ ಎದ್ದಿತು. "ನಾ ಏನಂತೀನಂದ್ರ, ಬಿಸಲಾಗ ಇಟ್ಟು ಇಟ್ಟು ಗಡಿಗಿ ಒಡೀತಾವ. ಸೂರು ಮಾಡಿ ಕೊಡತೀನಿ ಅಂದ್ರ ಬ್ಯಾಡ ಅನ್ನೂದ್ಯಾಕ? ಊರ ಸಂತಿ ಹೋದ್ರ ಹೋಗಲಿ."

ಗಡಿಗೆ ಒಟ್ಟುತ್ತಿದ್ದ ಈರಪ್ಪನ ಕೈ ಅರ್ಧಕ್ಕೆ ನಿಂತಿತು.

ಮಾಬುಬಿ ಆ ಮಾತನ್ನು ಒಪ್ಪಿಸಿದಳು. ಕಟ್ಟಳೆಯಲ್ಲವೇ. ತಟ್ಟೆಯ ಮೇಲಿನ ಈರಪ್ಪ ತೃಪ್ತಿಯಿಂದ ಹೇಳಿದ: "ಹೌದ್ರಿ, ನಾ ಅಂದದ್ದು ಇದನ್ನ."

ನೆಲದ ಮೇಲಿನ ಈರಪ್ಪ ಬಾಯೊಳಗಿನದನ್ನೆಲ್ಲ ಉಗುಳಿ ಓಡಿಬಂದ. "ಏ! ಯಾರಂವ? ನಾ ಇಲ್ಲೆ ನಿಂತೀನಿ, ಅಂವ ಯಾರು ಅಲ್ಲೆ? ಬಿಸಲಾಗ ಒಡಿಯೂ ಗಡಿಗಿ ಯಾವ ಕುಂಬಾರ ಮಾರತಾನ್ರೀ, ನನ್ನ ಮಾನಾ ಕಳದಾನಲ್ಲ!" ಎಂದು ತಟ್ಟೆಯ ಮೇಲೆ ಬಾಗಿ ಕಿವಿಮಣಿಯನ್ನೇ ಬೈಯತೊಡಗಿದ. ಒಮ್ಮೆಲೆ ಬಾಯಿ ಮುಚ್ಚಿ ಮಾಬುಬಿಯ ಕಡೆ ತಿರುಗಿದ. "ಹಂಗಾರ... ನೀನೂ ಅಂದಿದ್ದಿಲ್ಲೇನ ಬೇ?"

"ಬಾಯಿ ಹರಕೊಂಡು ಹೇಳಿದ್ನೆಲ್ಲೋ! ಕೇಳಿದಿ ಏನು?" ಅಂದು ಮಾಬುಬಿ ಅಳತೊಡಗಿದಳು.

ಈರಪ್ಪ ತಲೆ ತಗ್ಗಿಸಿದ. ಆಮೇಲೆ ಆ ನೋಟವನ್ನು ಎತ್ತಿ ಸಹನಾಳ ಮೇಲಿಟ್ಟ. "ಬಾಯಾರ, ನೀವು ಹಿಂಗ ಮಾಡತೀರಿ ಅನಕೊಂಡಿದ್ದಿಲ್ಲ."

"ಈರಪ್ಪಾ, ದೇವರಾಣಿ ನಾ ಮಾಡಿಲ್ಲ."

"ದನಿ ನಿಮ್ಮದ ಐತೆಲ್ರೀ."

ಕೊಂಡಿ ಇರುತ್ತದೆಯೇ ಎಂದು ಸಹನಾ ಅಂದು ಚಿನ್ಮಯನನ್ನು ಕೇಳಿದ್ದಳೇ ಹೊರತು, ಹೌದು ಎನ್ನುವವರು ಯಾರು ಎಂದು ಕೇಳಿರಲಿಲ್ಲ. ಕಟ್ಟಳೆಯ ರೂಪ ಉಳಿದಿದೆ ಎಂದಾಕ್ಷಣ ಕಟ್ಟಳೆಯೇ ಉಳಿದಿದೆ ಎಂದು ನಂಬಿದ್ದಳು. ಅಲ್ಲಿಂದ ನೇರ ಧಾರವಾಡ ರಸ್ತೆಯಲ್ಲಿದ್ದ ಅವನ ಪ್ರಯೋಗಾಲಯಕ್ಕೆ ಹೋದಳು.

ಚಿನ್ಮಯ ಎದ್ದು ಬಂದು ಕುರ್ಚಿ ಎಳೆದ. "ಅಕ್ಕಾ! ಹೇಳಿ ಕಳಸಿದ್ರ ನಾನ ಬರತಿದ್ದೆ."

"ನನ್ನ ದನಿ ಸುಳ್ಳು ಹೇಳಾಕತ್ತೈತಿ, ಚಿನ್ಮಯಾ."

ಅವನು ದಿಗಿಲುಬೀಳಲಿಲ್ಲ. ಇವನಿಗೆ ಮೊದಲೇ ಗೊತ್ತಿತ್ತು ಎಂದು ಸಹನಾಳಿಗೆ ಅದನ್ನು ನೋಡಿಯೇ ಹೊಳೆಯಿತು. ಏನಕ್ಕಾ, ಎಲ್ಲಿ ಎಂದು ಅವನು ಗಾಬರಿಯಾಗಿ ಕೇಳಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದಳು.

"ನಿಮ್ಮ ದನಿ ಒಂದ ಒಂದು ಸುಳ್ಳು ಹೇಳಿಲ್ಲ ಅಕ್ಕಾ," ಎಂದ ಅವನು ಮೆಲ್ಲಗೆ. "ನಾ ಅದನ್ನ ಗಟ್ಟಿ ಹಿಡದೀನಿ. ನಿಮ್ಮ ದನಿ ಬರೇ ಪ್ರಶ್ನೆ ಕೇಳತದ."

"ಈರಪ್ಪನ ದನಿ? ಮಾಬುಬಿ ದನಿ?"

ಚಿನ್ಮಯ ಕಿಟಕಿಯ ಕಡೆ ನೋಡಿದ. ಆಮೇಲೆ ಪಾಠ ಹೇಳುವವನ ಹಾಗೆ ವಿವರಿಸಿದ. ಈ ಕೆಲಸಕ್ಕೆ ಪ್ರಯೋಗಾಲಯದವರು ತಿರುವು ಎನ್ನುತ್ತಿದ್ದರು. ಕರೆ ಮಾಡಿದವನು ಬಾಯಿ ತೆರೆದ ಕೂಡಲೆ ಅವನಿಗೆ ಯಾರ ಮೇಲೆ ಭರವಸೆ, ಯಾರ ಮಾತು ತೆಗೆದುಹಾಕಲಾರ ಎಂಬುದನ್ನು ಯಂತ್ರ ಅವನ ಹಳೆಯ ಕರೆಗಳಿಂದ ಗುರುತಿಸುತ್ತದೆ. ಅಂಥವರೊಬ್ಬರನ್ನು ಹಿಂದಿನವರನ್ನಾಗಿ ಕೂರಿಸುತ್ತದೆ. ಅವರ ದನಿಯಲ್ಲಿ, ಮಸೂದೆಯ ಕಡೆಗೆ ಒಂದಿಷ್ಟು ವಾಲುವ ಮಾತು ಆಡಿಸುತ್ತದೆ. ಉಳಿದದ್ದನ್ನು ಕೊಂಡಿಯೇ ಮಾಡುತ್ತದೆ.

"ಅಂದ್ರ?"

"ಅಕ್ಕಾ, ಇನ್ನೊಬ್ಬರ ಮಾತು ತನ್ನ ಬಾಯಿಲೆ ಹೇಳಿದವ ಅರ್ಧ ಆ ಕಡೆ ಹೋಗಿರತಾನ. ಆರು ವರ್ಷ ಗಾಜಿನ ಹಿಂದ ಕೂತು ದಿನಾ ಅದನ್ನ ನೋಡೀನಿ. ಸಿಟ್ಟಿಲೆ ಬಂದವರು ತಣ್ಣಗಾಗೂದು. ನೀವ ಕಲಿಸಿದ್ದದು. ಯಾರ ಮಾತು ಹೇಳಸಬೇಕು ಅನ್ನೂದನ್ನ ನಾ ಆರಿಸಿದೆ, ಅಷ್ಟ."

"ಯಾರು ಹೇಳಿದ್ರು ಆರಸಂತ?"

"ಯಂತ್ರ ನಡಸೂ ಕಂಪನಿ ದಿಲ್ಲೀದು. ಆ ಸೂರಿನ ಮಾರುಕಟ್ಟಿ ಕಟ್ಟೂದೂ ಅವರ. ಮೊದಲ ಒಲ್ಲೆ ಅಂದಿದ್ದೆ. ಒಲ್ಲೆ ಅಂದ್ರ ಕವಲುದನೀನ ಬಂದ್ ಮಾಡತಿದ್ರು. ಹಾಸಿಗಿ ಹಿಡದವರು, ಯಾರೂ ಇಲ್ಲದವರು ಎಷ್ಟು ಮಂದಿ ಇದರ ಮ್ಯಾಲ ಬದುಕ್ಯಾರ ನಿಮಗ ಗೊತ್ತದ? ಒಂದು ಮಸೂದೆ ಅವರ ಕಡೆ ಹೋದ್ರ ಹೋಗಲಿ ಅಂದೆ."

"ಊರ ಸಂತಿ ಹೋದ್ರ ಹೋಗಲಿ," ಅಂದಳು ಸಹನಾ. "ಈರಪ್ಪನ ಬಾಯಾಗ ಇಟ್ಟದ್ದು ನಿನ್ನ ಮಾತೇನು!"

ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ದೂರುವುದು? ಹೊರಗಿನವನೊಬ್ಬ ಹೀಗೆ ಮಾಡಿದ್ದರೆ ಸಹನಾ ಕೂಗಾಡುತ್ತಿದ್ದಳು, ಪೊಲೀಸ್ ಎನ್ನುತ್ತಿದ್ದಳು. ಇವನಿಗೆ ಆಕೆ ಮೆಲ್ಲಗೇ ಹೇಳಿದಳು.

"ಆರು ವರ್ಷ ನನ್ನ ಡಬ್ಬಿಯೊಳಗ ಕೈ ಹಾಕಿ ಉಂಡಿ. ಜನರ ಜಗಳ ನಿಂತಾಗ ನನ್ನಗೂಡ ನೀನೂ ನಗತಿದ್ದಿ. ಇದನ್ನ ಕದಿಯಾಕ ಕೂತಿದ್ದೇನೋ ಅಲ್ಲಿ?"

ಚಿನ್ಮಯನ ಕಣ್ಣು ಕೆಂಪಾದವು. ಆದರೆ ಅವನು ಹೇಳಿದ್ದು ಮಾತ್ರ ಇದು: "ನಾಳೆ ಬಾನುಲಿಯೊಳಗ ಹೇಳ್ರಿ ಬೇಕಾದ್ರ. ನಾ ತಡಿಯೂದಿಲ್ಲ. ತಡಿಯೂ ಜರೂರೂ ಇಲ್ಲ ಅಕ್ಕಾ."

ಆ ಮಾತಿನ ಅರ್ಥ ಆಕೆಗೆ ಮರುದಿನ ಬೆಳಿಗ್ಗೆ ಆಯಿತು.

ಕೆಂಪು ದೀಪವನ್ನು ಆರಗೊಡದೆ ಸಹನಾ ಮೈಕಿಗೆ ಬಾಯಿ ಹತ್ತಿರ ಮಾಡಿ ಎಲ್ಲವನ್ನೂ ಹೇಳಿದಳು. ಕವಲುಗಳ ಕತೆ, ತಿರುವಿನ ಕತೆ, ತಟ್ಟೆಯ ಮೇಲಿನ ಈರಪ್ಪ ಮತ್ತು ನೆಲದ ಮೇಲಿನ ಈರಪ್ಪನ ಕತೆ. ಮುಚ್ಚಿಡಲಿಲ್ಲ, ತನ್ನ ತಪ್ಪನ್ನೂ ಬಿಡಲಿಲ್ಲ. "ಇವತ್ತು ಕವಲಿಲ್ರಿ. ಹಳೇ ಕಾಲದಂಗ ಒಂದ ಲೈನು. ನಾನ ಇದ್ದೀನಿ, ಮಾತಾಡ್ರಿ," ಎಂದಳು.

ಮೊದಲ ಕರೆಯಲ್ಲಿ ಮಾತಿಗಿಂತ ಮೊದಲು ಕೆಮ್ಮು ಬಂತು.

"ನೀವು ಯಾರ್ರಿ?" ಎಂದಿತು ಒಂದು ಮುದಿದನಿ.

"ನಾನು ಸಹನಾ ರೀ, ಸಹನಾ ಕೊಣ್ಣೂರ. ನಿಮ್ಮ ಹೆಸರು ಹೇಳ್ರಿ."

"ನೋಡಿದ್ರಿಲ್ಲೋ! ನನ್ನ ಹೆಸರ ಗೊತ್ತಿಲ್ಲ ನಿಮಗ. ನಮ್ಮ ಸಹನಾಬಾಯಾರು ದಿನಾ ನನ್ನ ಹೆಸರು ಹಿಡದು ಮಾತಾಡಸತಾರ. ರಾತ್ರಿ ಎಷ್ಟು ಸಲ ಕೆಮ್ಮಿದ್ರಿ ಪೋಸ್ಟ್‌ಮಾಸ್ತರ್ರ ಅಂತ ಕೇಳತಾರ. ಅವರ ದನಿ ನಕಲ್ ಮಾಡಿ ಮುದುಕರನ್ನ ಯಾಮಾರಸತೀರಲ್ಲ, ನಾಚಿಕಿ ಬರೂದಿಲ್ಲೇನ್ರಿ ನಿಮಗ?"

ಕರೆ ಕಟ್ಟಾಯಿತು.

ಎರಡನೆಯದು ನವಲಗುಂದದಿಂದ, ರೊಟ್ಟಿ ಬಡಿಯುವ ಸಪ್ಪಳದ ಜೊತೆ. "ನೀವು ಖರೆ ಸಹನಾಕ್ಕನ ಇರಬಹುದು, ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮೂರ ಡಾಕ್ಟರ್‌ಬಾಯಿ ಮಸೂದೆ ಚಲೋ ಐತಿ ಅಂದದ್ದನ್ನ ನಾ ನನ್ನ ಬಾಯಿಲೆ ಹೇಳೀನಿ. ಹೇಳಿ ಹೇಳಿ ನನಗೂ ಹೌದು ಅನಿಸೇತಿ. ಈಗ ನೀವು ಆಕಿ ಅಂದೇ ಇಲ್ಲ ಅಂತೀರಿ. ಹಂಗಾರ ನನಗ ಅನಿಸಿದ್ದೂ ಸುಳ್ಳೇನು? ಅದು ನಂದ ಐತೆಲ್ರೀ ಈಗ!"

"ಡಾಕ್ಟರ್‌ಬಾಯಿ ನಿಮ್ಮೂರಾಗ ಅದಾರಲ್ರೀ. ಒಮ್ಮೆ ಹೋಗಿ ಕೇಳಬಾರದ?"

ಆ ಕಡೆ ರೊಟ್ಟಿಯ ಸಪ್ಪಳ ನಿಂತಿತು. "ಅದ್ಯಾಕ್ರಿ ಹೋಗೂದು," ಎಂದಳು ಆಕೆ. ಹೋಗಿ ಕೇಳಿದರೆ ಏನಾದೀತೋ ಎಂಬ ಹೆದರಿಕೆ ಆ ದನಿಯಲ್ಲಿತ್ತು. ಅವಳೂ ಫೋನಿಟ್ಟಳು.

ಮೂರನೆಯ ಕರೆ ಬರಲೇ ಇಲ್ಲ. ಸಹನಾ ಕಾದಳು. ಗಾಜಿನ ಆಚೆಗಿದ್ದ ತಂತ್ರಜ್ಞೆ ಕೈಯಾಡಿಸಿ, ತನ್ನ ಕಿವಿಯನ್ನು ತೋರಿಸಿ, ಹೊರಗೆ ಬೊಟ್ಟು ಮಾಡಿದಳು. ಬಾನುಲಿಯ ಬಾಗಿಲು ಮುಚ್ಚಿದರೇನಂತೆ, ಕಂಪನಿಯು ಕವಲುಗಳನ್ನು ಜನರ ಕಿವಿಮಣಿಗೆ ನೇರವಾಗಿಯೇ ಬಿಟ್ಟಿತ್ತು. ಸಹನಾ ಸಹಿ ಮಾಡಿದ ಕರಾರಿನಲ್ಲಿ ದನಿ ಕಂಪನಿಯದೇ ಆಗಿತ್ತು. ನಾಡಿನ ಮನೆಮನೆಯಲ್ಲಿ ಆ ಹೊತ್ತಿಗೆ ಸಹನಾ ಮಾತಾಡುತ್ತಲೇ ಇದ್ದಳು. ಇಲ್ಲಿ ಮೈಕಿನ ಮುಂದೆ ಕೂತವಳ ಮಾತು ಕೇಳಲು ಯಾರೂ ಇರಲಿಲ್ಲ. ಆದರೂ ಎದ್ದು ಹೋಗಲು ಮನಸ್ಸಾಗದೆ ಎಂಟು ಗಂಟೆಯ ತನಕ ಕೂತಳು. ಎದ್ದಾಗ ಕೇಂದ್ರದ ನಿರ್ದೇಶಕರು ಬಾಗಿಲಲ್ಲಿ ನಿಂತು, ನಾಳೆಯಿಂದ ತಾವು ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ಬಹಳ ಮರ್ಯಾದೆಯಿಂದ ಹೇಳಿದರು.

ಸಂತೆ ಮಸೂದೆ ಆ ಅಧಿವೇಶನದಲ್ಲೇ ಪಾಸಾಯಿತು. ಸದನದಲ್ಲಿ ಒಬ್ಬ ಸದಸ್ಯರು, ಜನ ಪರಸ್ಪರರ ಮಾತನ್ನು ತಾಳ್ಮೆಯಿಂದ ಕೇಳಿ ಮನಸ್ಸು ಬದಲಿಸಿಕೊಂಡ ಉದಾಹರಣೆ ನಮ್ಮ ಇತಿಹಾಸದಲ್ಲಿ ಇನ್ನೊಂದಿಲ್ಲ ಎಂದು ಭಾಷಣ ಮಾಡಿದರು. ಮೇಜು ಕುಟ್ಟಿ ಎಲ್ಲರೂ ಒಪ್ಪಿದರು. ಇದನ್ನು ಓದಿದಾಗ ಸಹನಾ ಅಂಗಳಕ್ಕೆ ಹೋಗಿ ಒಬ್ಬಳೇ ಅತ್ತಳು.

ಚಿನ್ಮಯನೊಬ್ಬನನ್ನೇ ಬೈದು ಏನು ಬಂತು ಎಂದು ಈಗ ಕೆಲವರು ಕೇಳುತ್ತಾರೆ. ನಮ್ಮ ಅಜ್ಜ ಅಜ್ಜಿಯರು ಅಂಗೈಯಗಲದ ಫೋನು ಹಿಡಿದು, ಬಸ್ಸಿನಲ್ಲಿ ಪಕ್ಕಪಕ್ಕ ಕೂತೂ, ಒಬ್ಬೊಬ್ಬರು ಒಂದೊಂದು ದೇಶದ ಸುದ್ದಿ ನೋಡುತ್ತಿದ್ದರಂತೆ. ದೇಶ ಮಾತ್ರ ಒಂದೇ. ಪಕ್ಕದವನಿಗೆ ಏನು ಕಾಣಿಸುತ್ತಿದೆ ಎಂದು ಬಗ್ಗಿ ನೋಡಲು ಯಾರಿಗೂ ಮನಸ್ಸಿರಲಿಲ್ಲ. ಕವಲು ಒಡೆದದ್ದು ಆವಾಗಲೇ, ಇವನು ಅದಕ್ಕೊಂದು ದನಿ ಕೊಟ್ಟ. ಇರಬಹುದು. ಆದರೆ ಉಪ್ಪುಂಡ ಮನೆಗೆ ಎರಡು ಬಗೆದದ್ದನ್ನು ಈ ಕತೆ ಹೇಳುವವನು ಅಷ್ಟು ಸುಲಭಕ್ಕೆ ಮಾಫಿ ಮಾಡಲಾರ.

ಕಲ್ಲಹಾಳದ ಕೊನೆಯ ಸಂತೆಯ ದಿನ ಸಹನಾ ಹೋದಳು. ಬೇವಿನ ಗಿಡದ ಕೆಳಗೆ ಮಾಬುಬಿ ಕೂತಿದ್ದಳು. ಬಕೀಟಿನವನನ್ನು ಈರಪ್ಪನೇ ಎಬ್ಬಿಸಿ ಕಳಿಸಿದ್ದ. ಮುಂದಿನ ವಾರ ಆ ನೆರಳಿನಲ್ಲಿ ಯಾರೂ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಆದರೂ ಜಾಗ ಜಾಗವೇ. ಮಾಬುಬಿ ಏನೂ ಕೇಳದೆ ಸಹನಾಳ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡು, ಬೆರಳುಗಳನ್ನು ಒತ್ತಿ ಮಡಿಸಿ ಹಸಿರು ಬಳೆ ಏರಿಸತೊಡಗಿದಳು.

"ಕೈ ಒಣಗ್ಯಾವ ನೋಡ್ರಿ ಅಕ್ಕಾರ. ಉಣ್ಣವಲ್ರೇನು?"

ಸಹನಾ ನಕ್ಕಳು. ಬಹಳ ದಿನದ ಮೇಲೆ ಯಾರೋ ನಿಜವಾಗಿ ತನ್ನನ್ನು ಕೇಳಿದರು ಅನಿಸಿತು.

ಗಿಡದ ಬುಡದ ಇನ್ನೊಂದು ಮಗ್ಗುಲಿಗೆ ಹಳದಿ ರುಮಾಲಿನ ಒಬ್ಬ ರೈತ ಕೂತಿದ್ದ. ಮುಂದೆ ಬದನೆಕಾಯಿ ಬುಟ್ಟಿ. ಕಿವಿಯಲ್ಲಿ ಕಿವಿಮಣಿ. ಕಣ್ಣು ಅರ್ಧ ಮುಚ್ಚಿ, ಮುಖದ ತುಂಬ ನಗು ತುಂಬಿಕೊಂಡು, ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದ. ಸಹನಾಳಿಗೆ ತಡೆಯಲಾಗಲಿಲ್ಲ.

"ಯಜಮಾನ್ರ, ಇದ ಕಡೀ ಸಂತಿ. ನಿಮಗ ಏನನಸತೈತ್ರಿ?"

ಅವನು ಕಣ್ಣು ತೆರೆಯಲಿಲ್ಲ. ಕೈ ಎತ್ತಿ ಆಕೆಯನ್ನು ತಡೆದ. "ಸ್ವಲ್ಪ ತಡೀಯವಾ. ಸಹನಾಬಾಯಾರು ನನಗೂಡ ಮಾತಾಡಾಕತ್ತಾರ."

ಮಾಬುಬಿಯ ಕೈ ಬಳೆಯ ಮೇಲೆ ನಿಂತಿತು. ಸಹನಾ ಅವನ ಮುಖವನ್ನೇ ನೋಡಿದಳು. ಅಂಥ ಸಂತೋಷವನ್ನು ತನ್ನ ಕಟ್ಟೆಯ ಅಷ್ಟು ವರ್ಷಗಳಲ್ಲಿ ಆಕೆ ಯಾರಿಗೂ ಕೊಟ್ಟಿರಲಿಲ್ಲ.

"ಏನಂತಾರ್ರಿ ಅವರು?" ಎಂದು ಕೇಳಿದಳು.

"ನಾ ಅನ್ನೂದ ಖರೆ ಅಂತಾರ."